ಪೆನ್ಸಿಲ್ ಗುರುತು ಅಳಿಸುವ ಮುಂಚೆ: ಹಳೆಯ ಇತಿಹಾಸ ಪುಸ್ತಕಗಳ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ, ಮನೆಯ ಹಿರಿಯರು ಬಿಟ್ಟುಹೋದ ಇತಿಹಾಸ ಪುಸ್ತಕಗಳನ್ನು ಏನು ಮಾಡಬೇಕು ಎಂದು ಕೇಳಿದವರದ್ದು. ಉಳಿದವು ಹೊಸದಾಗಿ ಕೊಳ್ಳಲು, ಮಾರಲು ಶುರು ಮಾಡಿದವರದ್ದು. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಒಂದೇ ಮಾಡಿದ್ದೇನೆ. ಕಳಿಸಿದವರ ಹೆಸರು ಹಾಕಿಲ್ಲ.

ಪ್ರಶ್ನೆ: ನಮ್ಮ ದೊಡ್ಡಪ್ಪ ತೀರಿಕೊಂಡು ಆರು ತಿಂಗಳಾಯಿತು. ಎರಡು ಬೀರು ತುಂಬ ಇತಿಹಾಸದ ಪುಸ್ತಕಗಳಿವೆ. ರದ್ದಿಗೆ ಹಾಕಿಬಿಡೋಣ ಅಂತ ಮನೆಯವರು ಹೇಳುತ್ತಾರೆ, ನನಗೆ ಮನಸ್ಸು ಬರುತ್ತಿಲ್ಲ. ಯಾವುದಕ್ಕೆ ಬೆಲೆ ಇದೆ ಅಂತ ಹೇಗೆ ಗೊತ್ತಾಗುತ್ತದೆ?

ಉತ್ತರ: ಮನಸ್ಸು ಬರದೆ ಇದ್ದದ್ದೇ ಒಳ್ಳೆಯದಾಯಿತು. ಮೊದಲು ಬೀರುವಿನ ಬಾಗಿಲು ತೆಗೆದು, ಸಾಲು ಸಾಲಾಗಿ ಇದ್ದ ಹಾಗೇ ಫೋಟೊ ತೆಗೆದುಕೊಳ್ಳಿ. ಮೂರ್ನಾಲ್ಕು ಸಂಪುಟಗಳ ಸೆಟ್ಟುಗಳು ಹೊರಗೆ ತೆಗೆದಾಗಲೇ ಚೆಲ್ಲಾಪಿಲ್ಲಿ ಆಗುವುದು, ಆಮೇಲೆ ಒಂದು ಸಂಪುಟ ಯಾರದೋ ಮನೆ ಸೇರಿದರೆ ಉಳಿದವುಗಳ ಬೆಲೆಯೂ ಬಿದ್ದುಹೋಗುತ್ತದೆ. ಪುಟಗಳ ನಡುವೆ ಚೀಟಿ, ಪತ್ರ, ರಸೀದಿ, ಪತ್ರಿಕೆಯ ತುಣುಕು ಏನೇ ಸಿಗಲಿ, ಎಸೆಯಬೇಡಿ. ಯಾವ ಪುಸ್ತಕ, ಎಷ್ಟನೇ ಪುಟ ಎಂದು ಬರೆದು ಬೇರೆ ಕವರಿನಲ್ಲಿ ಹಾಕಿಡಿ. ಪತ್ರಿಕೆಯ ಕಾಗದವನ್ನು ಒಳಗೇ ಬಿಟ್ಟರೆ ಎದುರು ಬದುರು ಪುಟಗಳಲ್ಲಿ ಅದೇ ಆಕಾರದ ಕಂದು ಕಲೆ ಬೀಳುತ್ತದೆ, ಅದಕ್ಕೇ ಬೇರೆ ಕವರು.

ಈಗ ಬೆಲೆಯ ಮಾತು. ಹಳೆಯದಾದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಗೆ ಬಂದ, ಚಿನ್ನದ ಅಕ್ಷರದ ದಪ್ಪ ದಪ್ಪ ಪ್ರಪಂಚ ಇತಿಹಾಸಗಳು ನೋಡಲು ಭರ್ಜರಿಯಾಗಿರುತ್ತವೆ, ಆದರೆ ಸಾವಿರಗಟ್ಟಲೆ ಅಚ್ಚಾಗಿ ಸಾವಿರಗಟ್ಟಲೆ ಉಳಿದಿವೆ, ಕೇಳುವವರೇ ಇಲ್ಲ. ಅದೇ ಒಂದು ಸಣ್ಣ ಊರಿನ ಇತಿಹಾಸ, ಒಂದು ಸೇನಾ ತುಕಡಿಯದ್ದು, ಒಂದು ರೈಲು ಮಾರ್ಗದ್ದು, ಒಂದು ಬಂದರಿನ ಲೆಕ್ಕಪತ್ರದ್ದು, ಇಂಥವು ಇನ್ನೂರು ಮುನ್ನೂರು ಪ್ರತಿ ಅಚ್ಚಾಗಿ ಹಂಚಿಹೋಗಿರುತ್ತವೆ. ತೆಳ್ಳಗಿರುತ್ತವೆ, ರಟ್ಟೂ ಇರುವುದಿಲ್ಲ, ರದ್ದಿಗೆ ಮೊದಲು ಹೋಗುವುದೂ ಅವೇ. ಹುಡುಕುವವರು ವರ್ಷಗಟ್ಟಲೆ ಹುಡುಕುವುದೂ ಅವನ್ನೇ.

ಇನ್ನೊಂದು ಬಗೆ ಇದೆ, ಅದರ ಬಗ್ಗೆ ನನಗೆ ಜಾಸ್ತಿ ಕಾಳಜಿ. ಲೇಖಕನ ವಾದ ಇವತ್ತು ಯಾರೂ ಒಪ್ಪದೆ ಇರಬಹುದು. ಆದರೆ ಪುಸ್ತಕದ ಕೊನೆಯಲ್ಲಿ ಅವನು ಹಳೆಯ ದಸ್ತಾವೇಜುಗಳನ್ನು ಇದ್ದದ್ದು ಇದ್ದ ಹಾಗೆ ನಕಲು ಮಾಡಿ ಅಚ್ಚು ಹಾಕಿಸಿರುತ್ತಾನೆ. 1922ರ ಜೂನ್ 30ರಂದು, ಐರ್ಲೆಂಡಿನ ಅಂತರ್ಯುದ್ಧ ಶುರುವಾದ ಮೂರನೇ ದಿನ, ಡಬ್ಲಿನ್ನಿನ ಸಾರ್ವಜನಿಕ ದಾಖಲೆಗಳ ಕಚೇರಿ ಸ್ಫೋಟವಾಗಿ ಸುಟ್ಟುಹೋಯಿತು. ಏಳು ನೂರು ವರ್ಷಗಳ ಕಾಗದಪತ್ರ ಒಂದೇ ದಿನದಲ್ಲಿ ಬೂದಿಯಾಯಿತು. ಅದಕ್ಕೆ ಮುಂಚೆ ಆ ಕಚೇರಿಯಲ್ಲಿ ಕೂತು ನಕಲು ಮಾಡಿಕೊಂಡವರು ಅಚ್ಚು ಹಾಕಿಸಿದ ಪುಸ್ತಕಗಳೇ ಇವತ್ತು ಎಷ್ಟೋ ದಾಖಲೆಗಳಿಗೆ ಉಳಿದಿರುವ ಆಧಾರ. ಹಾಗಾಗಿ ಪುಸ್ತಕವನ್ನು ಹಿಂದಿನಿಂದ ತೆರೆಯಿರಿ. ಅನುಬಂಧ ಎಷ್ಟು ದೊಡ್ಡದಿದೆ, ಒಳಗೆ ಏನಿದೆ ನೋಡಿ. ಮೂಲವೇ ಕಳೆದುಹೋದ ಪತ್ರವೊಂದರ ನಕಲು ಅಲ್ಲಿ ಕೂತಿರಬಹುದು.

ಪ್ರಶ್ನೆ: 1760ರ ಸುಮಾರಿನ ಇಂಗ್ಲಿಷ್ ಇತಿಹಾಸ ಪುಸ್ತಕವೊಂದನ್ನು ಕೊಂಡೆ. ಕೆಲವು ಪುಟಗಳ ಕೆಳಗೆ ಎ, ಬಿ, ಸಿ ಅಂತ ಅಕ್ಷರಗಳಿವೆ. ಐ ಆದಮೇಲೆ ನೇರ ಕೆ ಬರುತ್ತದೆ. ಮುಂದೆ ಯು, ವಿ ಎರಡರಲ್ಲಿ ಒಂದೇ ಇದೆ, ಡಬ್ಲ್ಯು ಇಲ್ಲವೇ ಇಲ್ಲ. ಪುಟಗಳು ಕಳೆದಿವೆಯೇ?

ಉತ್ತರ: ಗಾಬರಿ ಬೇಡ. ಅಚ್ಚುಮನೆಯವರು ಇವತ್ತು ಫಾರಂ ಎನ್ನುತ್ತಾರಲ್ಲ, ಒಂದು ಹಾಳೆಯನ್ನು ಅಚ್ಚು ಹಾಕಿ ಮಡಿಸಿದಾಗ ಬರುವ ಕಟ್ಟು, ಆ ಅಕ್ಷರಗಳು ಅದರ ಗುರುತು. ಬೈಂಡರು ಅಕ್ಷರ ನೋಡಿಕೊಂಡು ಫಾರಂಗಳನ್ನು ಸಾಲಾಗಿ ಜೋಡಿಸಿ ಹೊಲಿಯುತ್ತಿದ್ದ. ಆಗ ಅವರು ಬಳಸುತ್ತಿದ್ದದ್ದು ಲ್ಯಾಟಿನ್ನಿನ 23 ಅಕ್ಷರಗಳ ಮಾಲೆ. ಅದರಲ್ಲಿ ಐ, ಜೆ ಎರಡೂ ಒಂದೇ, ಯು, ವಿ ಎರಡೂ ಒಂದೇ, ಡಬ್ಲ್ಯು ಇಲ್ಲ. ನಿಮ್ಮ ಪುಸ್ತಕ ಆ ಲೆಕ್ಕಕ್ಕೆ ಸರಿಯಾಗಿಯೇ ಇದೆ.

ಇನ್ನೂ ಒಂದು ಪರೀಕ್ಷೆ ಮಾಡಿ. ಪ್ರತಿ ಪುಟದ ಕೆಳಗೆ ಬಲತುದಿಯಲ್ಲಿ ಒಂಟಿ ಪದವೊಂದು ಇರುತ್ತದೆ. ಮುಂದಿನ ಪುಟ ಅದೇ ಪದದಿಂದ ಶುರುವಾಗಬೇಕು. ಬೆರಳಿಟ್ಟುಕೊಂಡು ಒಂದೊಂದೇ ಪುಟ ನೋಡುತ್ತಾ ಹೋಗಿ. ಎಲ್ಲಾದರೂ ಪದ ಹೊಂದದಿದ್ದರೆ ಅಲ್ಲಿ ಹೊಲಿಗೆಯ ಹತ್ತಿರ ಬೆಳಕು ಬಿಟ್ಟು ನೋಡಿ, ಕತ್ತರಿಸಿದ ಕಾಗದದ ಸಣ್ಣ ಅಂಚು ಕಾಣಿಸಬಹುದು. ಅಂಚು ಕಂಡ ಕೂಡಲೇ ಹಾಳೆ ಹೋಗಿದೆ ಅಂತಲೂ ತೀರ್ಮಾನಿಸಬೇಡಿ. ಅಚ್ಚಿನಲ್ಲಿ ತಪ್ಪಾಗಿದ್ದ ಹಾಳೆಯನ್ನು ಕತ್ತರಿಸಿ ತೆಗೆದು ಸರಿಯಾದದ್ದನ್ನು ಅಂಟಿಸುವುದು ಆಗ ಮಾಮೂಲಿ.

ಚಿತ್ರ, ನಕ್ಷೆಗಳಿಗೆ ಮಾತ್ರ ಈ ಎರಡೂ ಲೆಕ್ಕ ನಡೆಯುವುದಿಲ್ಲ. ಅವು ಬೇರೆಯಾಗಿ ಅಚ್ಚಾಗಿ ಆಮೇಲೆ ಸೇರಿದವು. ಒಳಗೆ ನಕ್ಷೆಗಳ ಪಟ್ಟಿ ಇದ್ದರೆ ಒಂದೊಂದನ್ನೇ ಹೊಂದಿಸಿ ನೋಡಬೇಕು, ಪಟ್ಟಿ ಇಲ್ಲದಿದ್ದರೆ ದೊಡ್ಡ ಗ್ರಂಥಾಲಯಗಳ ಸೂಚಿಯಲ್ಲಿ ಬೇರೆ ಪ್ರತಿಯ ವಿವರ ಹುಡುಕಿ. ನಾನು ಈ ಕೆಲಸಕ್ಕೆ ಬಂದ ಹೊಸದರಲ್ಲಿ ಎರಡು ಸಂಪುಟಗಳ ಯುದ್ಧ ಇತಿಹಾಸವೊಂದನ್ನು ಕೊಂಡಿದ್ದೆ, ಎಲ್ಲ ಪುಟ ಸರಿಯಾಗಿತ್ತು, ಮನೆಗೆ ತಂದು ಪಟ್ಟಿ ಹಿಡಿದು ಕೂತಾಗ ಹನ್ನೊಂದು ನಕ್ಷೆಗಳಲ್ಲಿ ಮೂರು ಇರಲಿಲ್ಲ. ಮಾರಿದವರು 'ಪರಿಪೂರ್ಣ ಪ್ರತಿ' ಎಂದು ಬರೆದುಕೊಟ್ಟಿದ್ದರು. ಅವತ್ತಿನಿಂದ ನಕ್ಷೆ ಎಣಿಸದೆ ನಾನು ದುಡ್ಡು ಕೊಟ್ಟಿಲ್ಲ.

ಪ್ರಶ್ನೆ: ಮಾರುವ ಮುಂಚೆ ಪುಸ್ತಕದ ಅಂಚಿನಲ್ಲಿ ಯಾರೋ ಬರೆದ ಪೆನ್ಸಿಲ್ ಟಿಪ್ಪಣಿಗಳನ್ನು ರಬ್ಬರಿನಿಂದ ಅಳಿಸಿದರೆ ಒಳ್ಳೆಯ ಬೆಲೆ ಬರುತ್ತದಾ?

ಉತ್ತರ: ದಯವಿಟ್ಟು ಅಳಿಸಬೇಡಿ. ಇದೇ ಪ್ರಶ್ನೆಯ ಆರು ಪತ್ರ ಬಂದಿದ್ದವು, ಅದಕ್ಕೇ ಶೀರ್ಷಿಕೆಯಲ್ಲೇ ಹಾಕಿದ್ದೇನೆ.

ಮೊನ್ನೆ ಮೊನ್ನೆ ಬಂದ ಪಠ್ಯಪುಸ್ತಕದಲ್ಲಿ ಪರೀಕ್ಷೆಗೆಂದು ಗೆರೆ ಎಳೆದಿದ್ದರೆ ಅದು ಬೇರೆ ಮಾತು. ಹಳೆಯ ಇತಿಹಾಸ ಪುಸ್ತಕದಲ್ಲಿ ಕೈಬರಹ ಇದ್ದರೆ, ಅದನ್ನು ಬರೆದವರು ಯಾರು ಎಂದು ಮೊದಲು ನೋಡಬೇಕು. ಆ ಪುಸ್ತಕ ಯಾವ ಘಟನೆಯ ಬಗ್ಗೆ ಇದೆಯೋ ಆ ಘಟನೆಯನ್ನು ಕಣ್ಣಾರೆ ಕಂಡವರೇ ಅದನ್ನು ಓದಿ, 'ಇದು ಹೀಗಲ್ಲ, ಅವತ್ತು ನಾನು ಅಲ್ಲೇ ಇದ್ದೆ' ಎಂದು ಅಂಚಿನಲ್ಲಿ ಬರೆದಿರಬಹುದು. ಫ್ರೆಂಚ್ ಕ್ರಾಂತಿಯ ಬಗ್ಗೆ ಮೇರಿ ವೊಲ್‌ಸ್ಟನ್‌ಕ್ರಾಫ್ಟ್ 1794ರಲ್ಲಿ ಒಂದು ಇತಿಹಾಸ ಬರೆದಳು. ಅಮೆರಿಕದ ಎರಡನೇ ಅಧ್ಯಕ್ಷ ಜಾನ್ ಆಡಮ್ಸ್ ತನ್ನ ಪ್ರತಿಯ ಅಂಚಿನಲ್ಲಿ ಅವಳ ಜೊತೆ ಜಗಳ ಆಡುತ್ತಾ ಹತ್ತು ಸಾವಿರ ಪದಗಳಷ್ಟು ಬರೆದಿದ್ದಾನೆ. ಆ ಪ್ರತಿ ಈಗ ಬಾಸ್ಟನ್ ಸಾರ್ವಜನಿಕ ಗ್ರಂಥಾಲಯದಲ್ಲಿದೆ. ಅಚ್ಚಾದ ಪುಸ್ತಕ ಬೇರೆ ಕಡೆಯೂ ಸಿಗುತ್ತದೆ, ಆ ಜಗಳ ಸಿಗುವುದು ಅದೊಂದೇ ಪ್ರತಿಯಲ್ಲಿ.

ನಿಮ್ಮ ಪುಸ್ತಕದಲ್ಲಿ ಬರೆದವರು ಅಷ್ಟು ದೊಡ್ಡವರು ಆಗಿರಬೇಕಿಲ್ಲ. ಒಬ್ಬ ಮೇಷ್ಟ್ರು ಇಸವಿ ತಪ್ಪನ್ನು ತಿದ್ದಿದ್ದರೂ, ಮೊದಲ ಹಾಳೆಯಲ್ಲಿ ಯಾರೋ ತಮ್ಮ ಹೆಸರು, ಕೊಂಡ ದಿನ ಬರೆದಿದ್ದರೂ, ಆ ಪ್ರತಿ ಯಾರ ಕೈಯಿಂದ ಯಾರ ಕೈಗೆ ಬಂತು ಅನ್ನುವುದಕ್ಕೆ ಅದೇ ಸಾಕ್ಷಿ. ಅಳಿಸಿದರೆ ಕಾಗದದ ಮೇಲ್ಪದರವೂ ತರಚಿಹೋಗುತ್ತದೆ, ಬೆಳಕಿಗೆ ಓರೆಯಾಗಿ ಹಿಡಿದರೆ ಅನುಭವಸ್ಥರಿಗೆ ಕೂಡಲೇ ಕಾಣುತ್ತದೆ. ಕಂಡ ಮೇಲೆ, ಇವರು ಇನ್ನೇನು ಅಳಿಸಿದ್ದಾರೋ ಎಂಬ ಅನುಮಾನವೂ ಬರುತ್ತದೆ.

ಪ್ರಶ್ನೆ: ಗಿಬ್ಬನ್ನನ ರೋಮನ್ ಸಾಮ್ರಾಜ್ಯದ ಇತಿಹಾಸ, ಆರೂ ಸಂಪುಟ 'ಮೊದಲ ಮುದ್ರಣ' ಅಂತ ಒಬ್ಬರು ಮಾರಲು ಬಂದಿದ್ದಾರೆ. ನಂಬಬಹುದಾ?

ಉತ್ತರ: ನಂಬುವ ಮುಂಚೆ ಮೊದಲ ಸಂಪುಟವನ್ನು ಕೈಗೆ ತೆಗೆದುಕೊಳ್ಳಿ. ಆ ಆರು ಸಂಪುಟ ಒಟ್ಟಿಗೆ ಬಂದದ್ದಲ್ಲ. ಮೊದಲನೆಯದು 1776ರ ಫೆಬ್ರುವರಿಯಲ್ಲಿ, ಎರಡು ಮತ್ತು ಮೂರು 1781ರಲ್ಲಿ, ಕೊನೆಯ ಮೂರು 1788ರಲ್ಲಿ. ಮೊದಲ ಸಂಪುಟವನ್ನು 500 ಪ್ರತಿ ಅಚ್ಚು ಹಾಕುವುದು ಎಂದಿದ್ದವರು 1000 ಹಾಕಿದರು, ಅದೂ ಕೆಲವೇ ದಿನಗಳಲ್ಲಿ ಖಾಲಿ ಆಯಿತು, ಆ ವರ್ಷವೇ ಎರಡನೇ ಮುದ್ರಣ ಬಂತು. ಹಾಗಾಗಿ ಆಗ ಕೊಂಡು ಸೆಟ್ ಪೂರ್ತಿ ಮಾಡಿಕೊಂಡ ಎಷ್ಟೋ ಜನರ ಬಳಿ ಮೊದಲನೆಯದು ಎರಡನೇ ಅಥವಾ ಮೂರನೇ ಮುದ್ರಣ, ಉಳಿದವು ಮೊದಲನೆಯವು. ಆಮೇಲೆ ಎಲ್ಲಕ್ಕೂ ಒಂದೇ ತರಹದ ಚರ್ಮದ ಬೈಂಡಿಂಗ್ ಹಾಕಿಸಿರುವುದರಿಂದ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ.

ಒಳಗೆ ಒಂದು ಸುಲಭದ ಗುರುತು ಇದೆ. ಮೊದಲ ಮುದ್ರಣದಲ್ಲಿ ಗಿಬ್ಬನ್ನನ ಟಿಪ್ಪಣಿಗಳೆಲ್ಲ ಸಂಪುಟದ ಕೊನೆಯಲ್ಲಿವೆ. ಓದುವಾಗ ಮತ್ತೆ ಮತ್ತೆ ಹಿಂದಕ್ಕೆ ತಿರುವಬೇಕಲ್ಲ ಎಂದು ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ ದೂರಿದ, ಟಿಪ್ಪಣಿಗಳನ್ನು ಪುಟದ ಬುಡಕ್ಕೆ ತನ್ನಿ ಎಂದ. 1777ರ ಮೂರನೇ ಮುದ್ರಣದಲ್ಲಿ ಹಾಗೇ ಮಾಡಿದರು. ಮೊದಲ ಸಂಪುಟದಲ್ಲಿ ಟಿಪ್ಪಣಿ ಪುಟದ ಕೆಳಗೇ ಇದ್ದರೆ, ಶೀರ್ಷಿಕೆ ಪುಟದ ಮೇಲೆ 1776 ಎಂದಿದ್ದರೂ ಅನುಮಾನ ಪಡಿ. ಬೇರೆ ಪ್ರತಿಯ ಶೀರ್ಷಿಕೆ ಪುಟ ತಂದು ಅಂಟಿಸಿರುವ ಸಾಧ್ಯತೆ ಇದೆ.

ಹತ್ತಿರದ ಕಾಲದ ಪುಸ್ತಕಗಳಿಗೆ ಗುರುತು ಬೇರೆ. ಶೀರ್ಷಿಕೆ ಪುಟದ ಹಿಂದೆ 10ರಿಂದ 1ರವರೆಗೆ ಅಂಕಿಗಳ ಸಾಲು ಇದ್ದರೆ, ಅದರಲ್ಲಿ ಉಳಿದಿರುವ ಅತಿ ಚಿಕ್ಕ ಅಂಕಿಯೇ ಎಷ್ಟನೇ ಮುದ್ರಣ ಎಂದು ಸಾಮಾನ್ಯವಾಗಿ ಹೇಳುತ್ತದೆ. ಐಎಸ್‌ಬಿಎನ್ ಎಂಬ ಪುಸ್ತಕಗಳ ಗುರುತಿನ ಸಂಖ್ಯೆಗೆ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿದ್ದು 1970ರಲ್ಲಿ, ಅದು 13 ಅಂಕಿ ಆದದ್ದು 2007ರಲ್ಲಿ. 1925 ಎಂದು ಅಚ್ಚಾಗಿರುವ ಪುಸ್ತಕದ ಹಿಂದೆ 13 ಅಂಕಿಯ ಸಂಖ್ಯೆ ಇದ್ದರೆ ಅದು ಸ್ಕ್ಯಾನ್ ಮಾಡಿ ಹೊಸದಾಗಿ ತೆಗೆದ ಪ್ರತಿ. ಓದಲು ಅಡ್ಡಿಯಿಲ್ಲ, ಹಳೆಯದೆಂದು ದುಡ್ಡು ಕೊಡಬೇಡಿ ಅಷ್ಟೇ. ಆನ್‌ಲೈನ್‌ನಲ್ಲಿ ಕೊಳ್ಳುವಾಗ ಇದೇ ಪ್ರತಿಯ ಫೋಟೊ ಕಳಿಸಿ, ಶೀರ್ಷಿಕೆ ಪುಟದ ಎರಡೂ ಬದಿ ಬೇಕು ಅಂತ ಕೇಳಿ. ಕಳಿಸಲು ತಕರಾರು ಮಾಡುವವರ ಹತ್ತಿರ ನಾನಂತೂ ಕೊಳ್ಳುವುದಿಲ್ಲ.

ಪ್ರಶ್ನೆ: 1780ರ ಪುಸ್ತಕದ ಕಾಗದ ಇನ್ನೂ ಗಟ್ಟಿಯಾಗಿದೆ, 1920ರದ್ದು ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಇದ್ಯಾಕೆ ಹೀಗೆ?

ಉತ್ತರ: ಹಳೆಯ ಕಾಗದ ಬಟ್ಟೆ ಚಿಂದಿಯದ್ದು. ಹತ್ತಿ, ನಾರಿನ ಎಳೆ ಉದ್ದ, ಅದಕ್ಕೇ ಗಟ್ಟಿ. 1840ರ ದಶಕದಲ್ಲಿ ಜರ್ಮನಿಯ ಕೆಲ್ಲರ್ ಎಂಬಾತ ಮರವನ್ನು ಅರೆದು ಕಾಗದ ಮಾಡುವ ದಾರಿ ಕಂಡುಕೊಂಡ, ಮುಂದೆ ಅಗ್ಗದ ಪುಸ್ತಕಗಳೆಲ್ಲ ಅದರಲ್ಲೇ ಬಂದವು. ಮರದಲ್ಲಿರುವ ಲಿಗ್ನಿನ್ ಬೆಳಕಿಗೆ ಹಳದಿಯಾಗುತ್ತದೆ, ಮಸಿ ಹರಡದಿರಲಿ ಎಂದು ಹಾಕಿದ ಪಟಿಕವು ಆಮ್ಲವಾಗಿ ಎಳೆಗಳನ್ನು ಒಳಗಿನಿಂದಲೇ ಕಡಿಯುತ್ತದೆ. ನಿಲ್ಲಿಸಲು ಆಗುವುದಿಲ್ಲ, ನಿಧಾನ ಮಾಡಬಹುದು. ಬಿಸಿಲು ಬೀಳದ, ತಂಪಾದ, ಗಾಳಿ ಆಡುವ ಜಾಗದಲ್ಲಿಡಿ. ಗಾಳಿಯ ತೇವ 65 ಶೇಕಡಾ ದಾಟಿದರೆ ಬೂಷ್ಟು ಹಿಡಿಯುತ್ತದೆ, ಹಾಗಾಗಿ ಬೀರುವನ್ನು ಹೊರಗೋಡೆಗೆ ಒತ್ತಿ ನಿಲ್ಲಿಸಬೇಡಿ.

ಕಾಗದದಿಂದ ಒಂದು ಉಪಕಾರವೂ ಇದೆ. 1934ರಲ್ಲಿ ಕಾರ್ಟರ್, ಪೊಲಾರ್ಡ್ ಎಂಬ ಇಬ್ಬರು ಯುವ ಪುಸ್ತಕ ವ್ಯಾಪಾರಿಗಳು ಇಂಗ್ಲೆಂಡಿನಲ್ಲಿ ದೊಡ್ಡ ನಕಲಿ ಜಾಲವನ್ನು ಬಯಲಿಗೆಳೆದದ್ದು ಕಾಗದ ಪರೀಕ್ಷೆ ಮಾಡಿಸಿಯೇ. 1847 ಎಂದು ಇಸವಿ ಹಾಕಿದ್ದ ಕವನದ ಕಿರುಪುಸ್ತಕದ ಕಾಗದದಲ್ಲಿ, 1870ರ ದಶಕಕ್ಕೆ ಮುಂಚೆ ಅಲ್ಲಿ ಬಳಕೆಗೇ ಬಂದಿರದ, ಅರೆದದ್ದಲ್ಲದೆ ರಾಸಾಯನಿಕದಲ್ಲಿ ಬೇಯಿಸಿ ಮಾಡಿದ ಮರದ ತಿರುಳು ಸಿಕ್ಕಿತ್ತು.

ಪ್ರಶ್ನೆ: ಹರಿದ ಪುಟಕ್ಕೆ ಸೆಲ್ಲೋಟೇಪ್ ಹಾಕಬಹುದಾ?

ಉತ್ತರ: ಬೇಡ. ಕೆಲವು ವರ್ಷಕ್ಕೆ ಟೇಪು ಉದುರುತ್ತದೆ, ಅದರ ಕಂದು ಅಂಟು ಕಾಗದದೊಳಗೇ ಉಳಿಯುತ್ತದೆ. ತೆಳು ಜಪಾನಿ ಕಾಗದ, ಗೋಧಿ ಪಿಷ್ಟದ ಅಂಟು, ಇವೆರಡು ಸಾಕು. ಬೇಡವೆಂದರೆ ನೀರಿನಿಂದ ಬಿಡಿಸಬಹುದು.

ಪ್ರಶ್ನೆ: ಹುಳ ಬಿದ್ದ ಪುಸ್ತಕಕ್ಕೆ ಏನು ಮಾಡುವುದು? ನುಸಿ ಗುಳಿಗೆ ಇಡಲಾ?

ಉತ್ತರ: ನುಸಿ ಗುಳಿಗೆ ಬೇಡ, ನಿಮ್ಮ ಆರೋಗ್ಯಕ್ಕೇ ಒಳ್ಳೆಯದಲ್ಲ. ಪುಸ್ತಕವನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ಪುಟಗಳ ಮೇಲೆ ನೀರು ಕೂರುತ್ತದೆ. ಚರ್ಮದ ಬೈಂಡಿಂಗ್ ಇದ್ದರೆ ಮಾತ್ರ ತಿಳಿದವರನ್ನು ಕೇಳಿ ಮಾಡಿ.

ಇದರ ಜೊತೆಗೇ ಒಂದು ಎಚ್ಚರಿಕೆ. ಹತ್ತೊಂಬತ್ತನೇ ಶತಮಾನದ ನಡುವಿನ, ಕಣ್ಣು ಕುಕ್ಕುವ ಹಸಿರು ಬಟ್ಟೆಯ ರಟ್ಟು ಇರುವ ಪುಸ್ತಕ ಸಿಕ್ಕಿದರೆ ಬರಿಗೈಯಲ್ಲಿ ಹಿಡಿಯಬೇಡಿ. ಆ ಹಸಿರಿನಲ್ಲಿ ಆರ್ಸೆನಿಕ್ ಇರಬಹುದು. ಅಮೆರಿಕದ ವಿಂಟರ್‌ಥರ್ ವಸ್ತುಸಂಗ್ರಹಾಲಯದವರು 2019ರಿಂದ ಇಂಥ ಪುಸ್ತಕಗಳನ್ನು ಪತ್ತೆ ಮಾಡಿ ಪಟ್ಟಿ ಮಾಡುತ್ತಿದ್ದಾರೆ. ಕೈಗವಸು ಹಾಕಿಕೊಂಡು ಬೇರೆ ಚೀಲದಲ್ಲಿ ಹಾಕಿಡಿ, ಮಕ್ಕಳ ಕೈಗೆ ಕೊಡಬೇಡಿ.

ಪ್ರಶ್ನೆ: ನನ್ನ ಹಳೆಯ ಪ್ರವಾಸ ಇತಿಹಾಸದ ಪುಸ್ತಕದಲ್ಲಿ ಎಂಟು ಮಡಿಕೆ ನಕ್ಷೆಗಳಿವೆ. ಒಬ್ಬರು ನಕ್ಷೆ ಮಾತ್ರ ಕೊಡಿ, ಪುಸ್ತಕಕ್ಕಿಂತ ಜಾಸ್ತಿ ಕೊಡುತ್ತೇನೆ ಅನ್ನುತ್ತಿದ್ದಾರೆ.

ಉತ್ತರ: ಪುಸ್ತಕ ನಿಮ್ಮದು, ಬೇಡ ಎನ್ನುವ ಅಧಿಕಾರ ನನಗಿಲ್ಲ. ಆದರೂ ಕೈಮುಗಿದು ಕೇಳುತ್ತೇನೆ, ಕೊಡಬೇಡಿ. ಲೇಖಕ ನಡೆದ ದಾರಿಯನ್ನು ಬರೆದಿದ್ದಾನೆ, ಆ ದಾರಿ ಇರುವುದು ನಕ್ಷೆಯಲ್ಲಿ. ಫ್ರೇಮಿನೊಳಗೆ ಗೋಡೆಗೆ ಹೋದ ಮೇಲೆ ಅದು ಯಾವ ಪುಸ್ತಕದ್ದು, ಯಾವ ವರ್ಷದ್ದು ಎಂದು ಹೇಳುವವರು ಇರುವುದಿಲ್ಲ. ಇತ್ತ ಉಳಿದ ಪುಸ್ತಕವನ್ನು ಯಾರೂ ಕೊಳ್ಳುವುದಿಲ್ಲ. ಹೀಗೆ ಒಡೆದು ಒಡೆದೇ ಎಷ್ಟೋ ಪುಸ್ತಕಗಳ ಪೂರ್ತಿ ಪ್ರತಿ ಸಿಗುವುದೇ ಕಷ್ಟವಾಗಿದೆ.

ಬಿಡಿ ನಕ್ಷೆ ಕೊಳ್ಳುವವರಿಗೂ ಒಂದು ಮಾತು. 2005ರ ಜೂನ್‌ನಲ್ಲಿ ಯೇಲ್ ವಿಶ್ವವಿದ್ಯಾಲಯದ ಗ್ರಂಥಾಲಯದ ನೆಲದ ಮೇಲೆ ಸಿಬ್ಬಂದಿಗೆ ಒಂದು ಬ್ಲೇಡ್ ಸಿಕ್ಕಿತು. ಅಲ್ಲಿ ಕೂತಿದ್ದವನು ಫೋರ್ಬ್ಸ್ ಸ್ಮೈಲಿ, ಹೆಸರು ಮಾಡಿದ್ದ ನಕ್ಷೆ ವ್ಯಾಪಾರಿ. ಹಲವು ಗ್ರಂಥಾಲಯಗಳಿಂದ 97 ನಕ್ಷೆ ಕದ್ದಿದ್ದಾಗಿ ಆಮೇಲೆ ಒಪ್ಪಿಕೊಂಡ. ಅವನಿಂದ ಕೊಂಡವರು ದುಡ್ಡು ಕೊಟ್ಟೇ ಕೊಂಡಿದ್ದರು, ಆದರೂ ನಕ್ಷೆಗಳನ್ನು ವಾಪಸ್ ಕೊಡಬೇಕಾಯಿತು. ಹಾಗಾಗಿ ಎಲ್ಲಿಂದ ಬಂತು ಎಂದು ಕೇಳಿ, ಬರೆಸಿಕೊಳ್ಳಿ. ಗ್ರಂಥಾಲಯದ ಮುದ್ರೆ ಇದ್ದರೆ 'ವಿಲೇವಾರಿ ಮಾಡಿದೆ' ಎಂಬ ಇನ್ನೊಂದು ಮುದ್ರೆಯೂ ಇದೆಯಾ ನೋಡಿ, ಇಲ್ಲದಿದ್ದರೆ ಆ ಗ್ರಂಥಾಲಯಕ್ಕೇ ಬರೆದು ವಿಚಾರಿಸಿ. ಪುರಾತನ ಪುಸ್ತಕ ವ್ಯಾಪಾರಿಗಳ ಅಂತರರಾಷ್ಟ್ರೀಯ ಒಕ್ಕೂಟ ಕಳುವಾದ ಪುಸ್ತಕಗಳ ಪಟ್ಟಿ ಇಟ್ಟಿದೆ, ಅಲ್ಲೂ ಒಮ್ಮೆ ಹುಡುಕಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ನನ್ನ ಪುಸ್ತಕಕ್ಕೆ ದೊಡ್ಡ ಬೆಲೆ ತೋರಿಸುತ್ತದೆ. ಅಂಗಡಿಯವರು ಅದರ ಮೂರನೇ ಒಂದು ಭಾಗ ಕೊಡುತ್ತೇನೆ ಅಂದರು. ಮೋಸ ಅಲ್ವಾ?

ಉತ್ತರ: ಮೋಸ ಎನ್ನಲಾಗದು. ಅಲ್ಲಿ ಕಾಣುವುದು ಮಾರಾಟವಾಗದೆ ಕೂತಿರುವ ಪ್ರತಿಗಳ ಬೆಲೆ. ಮಾರಾಟವಾದದ್ದು ಪಟ್ಟಿಯಿಂದ ಮಾಯ ಆಗಿರುತ್ತದೆ. ಹರಾಜುಗಳ ಹಳೆಯ ಫಲಿತಾಂಶ ನೋಡಿ, ಅಲ್ಲಿ ನಿಜವಾಗಿ ಕೊಟ್ಟ ದುಡ್ಡು ಇರುತ್ತದೆ. ಅದನ್ನೂ ನಿಮ್ಮ ಪ್ರತಿಯ ಸ್ಥಿತಿಯ ಜೊತೆ ಹೋಲಿಸಿಕೊಳ್ಳಿ, ರಟ್ಟಿನ ಮೇಲಿನ ಕಾಗದದ ಜಾಕೆಟ್ ಇದೆಯಾ, ನಕ್ಷೆ ಪೂರ್ತಿಯಾ, ಬೆನ್ನು ಬಿಟ್ಟಿದೆಯಾ ಅಂತ. ಅಂಗಡಿಯವರು ಆ ಪುಸ್ತಕವನ್ನು ಎರಡು ಮೂರು ವರ್ಷ ಇಟ್ಟುಕೊಂಡು ಕಾಯಬೇಕಾಗಬಹುದು. ಮೂರನೇ ಒಂದರಿಂದ ಅರ್ಧದವರೆಗೆ ಕೊಡುವುದು ಈ ವ್ಯಾಪಾರದಲ್ಲಿ ನಡೆದುಬಂದ ಲೆಕ್ಕ. ನಿಮಗೆ ಕಾಯುವ ತಾಳ್ಮೆ ಇದ್ದರೆ ನೀವೇ ಮಾರಿ.

ಪ್ರಶ್ನೆ: ನಾನೇ ಮಾರಬೇಕೆಂದಿದ್ದೇನೆ. ವಿವರಣೆ ಹೇಗೆ ಬರೆಯಲಿ?

ಉತ್ತರ: ಕೊಳ್ಳುವವರು ನಿಮ್ಮ ಎದುರು ಕೂತು ಪುಸ್ತಕ ತಿರುವುತ್ತಿದ್ದಾರೆ ಎಂದುಕೊಂಡು ಬರೆಯಿರಿ. 'ವಯಸ್ಸಿಗೆ ತಕ್ಕ ಸ್ಥಿತಿ', 'ಚೆನ್ನಾಗಿದೆ' ಇವುಗಳಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ನಾನು ಹೋದ ತಿಂಗಳು ಒಂದಕ್ಕೆ ಬರೆದದ್ದು ಹೀಗೆ: 'ಬೆನ್ನಿನ ಮೇಲ್ತುದಿ ಎರಡು ಸೆಂಟಿಮೀಟರ್ ಹರಿದಿದೆ. ಮುಂದಿನ ಕೀಲು ಸಡಿಲ, ಹೊಲಿಗೆ ಗಟ್ಟಿ. ಪಟ್ಟಿಯಲ್ಲಿರುವ ಆರೂ ನಕ್ಷೆ ಇವೆ, ನಾಲ್ಕನೆಯದು ಮಡಿಕೆಯಲ್ಲಿ ಸೀಳಿದೆ. ಮೊದಲ ಮೂವತ್ತು ಪುಟಗಳಲ್ಲಿ ಕಂದು ಚುಕ್ಕೆ. 112ರಿಂದ 140ರವರೆಗೆ ಅಂಚಿನಲ್ಲಿ ಪೆನ್ಸಿಲ್ ಟಿಪ್ಪಣಿ, ಯಾರದ್ದೆಂದು ತಿಳಿದಿಲ್ಲ, ಫೋಟೊ ಹಾಕಿದೆ.' ಎರಡೇ ದಿನಕ್ಕೆ ಹೋಯಿತು. ಕೊಂಡವರು ಕೇಳಿದ್ದು ಆ ಟಿಪ್ಪಣಿಗಳ ಬಗ್ಗೆ ಮಾತ್ರ.

ಕಳಿಸುವಾಗ ಮೊದಲು ಕಾಗದ, ಆಮೇಲೆ ಪ್ಲಾಸ್ಟಿಕ್, ಅದರ ಮೇಲೆ ನಾಲ್ಕು ಮೂಲೆಗೂ ರಟ್ಟು. ಡಬ್ಬಿ ಅಲ್ಲಾಡಿಸಿದರೆ ಒಳಗೆ ಸದ್ದು ಬರಬಾರದು.